ಚಂಡೆ, ಖಯಾಲ್, ಘುಮಟ, ಟ್ರಾನ್ಸ್: ಆರು ಮಂದಿಯ ಒಂದೇ ಆಲ್ಬಮ್, ಮೊದಲು ಏನು ನಕ್ಕಿ ಮಾಡ್ಕೋಬೇಕು?

ಕೊತ್ರೂಡ್ ಬೇಸ್, ಪುಣೆ

ನಮಸ್ಕಾರ್ರಿ ಎಲ್ಲಾರಿಗೂ. ಆರು ಮಂದಿ ಕೂಡಿ ಎಂಟು ಹಾಡಿನ ಎಲೆಕ್ಟ್ರಾನಿಕ್ ಆಲ್ಬಮ್ ಮಾಡಾಕ ಹೊಂಟೀವಿ. ಎಲ್ಲಾರೂ ಕನ್ನಡದವ್ರ, ಆದ್ರ ಒಬ್ಬೊಬ್ಬರ ಸಂಗೀತ ಒಂದೊಂದು ದಿಕ್ಕಿಗೆ. ಪುಣೆಯೊಳಗ ನಾನು, ನನ್ನ ಎಲೆಕ್ಟ್ರಾನಿಕ್ ಶೈಲಿ ಹೌಸ್ ಮತ್ತು ಡೌನ್‌ಟೆಂಪೊ. ಇನ್ನೊಬ್ಬರು ಹಿಂದೂಸ್ತಾನಿ ಖಯಾಲ್ ಹಾಡೋ ಗಾಯಕಿ, ಷಡ್ಜ ಹಾರ್ಮೋನಿಯಂನ ಕಪ್ಪು ನಾಲ್ಕು. ಮುಂಬಯಿಯಿಂದ ತೆಂಕುತಿಟ್ಟು ಯಕ್ಷಗಾನದ ಭಾಗವತರು (ಹಾಡೋರು), ಕಪ್ಪು ಎರಡು; ಅವರ ಜೋಡಿ ಚಂಡೆ-ಮದ್ದಳೆ ಎರಡೂ ಬಾರಿಸೋರು ಒಬ್ಬರು; ಮತ್ತೊಬ್ಬರು ಡ್ರಮ್ ಆಂಡ್ ಬೇಸ್, 172 ಬಿಪಿಎಂ, ಅಂದ್ರ ನಿಮಿಷಕ್ಕ 172 ಪೆಟ್ಟಿಗಿಂತ ಕೆಳಗ ಇಳಿಯಂಗಿಲ್ಲ. ಗೋವಾದ ಮಡಗಾಂವದವ್ರು ಟ್ರಾನ್ಸ್ ಮಾಡ್ತಾರ, ಘುಮಟ ಅನ್ನೋ ಮಣ್ಣಿನ ವಾದ್ಯಾನೂ ಬಾರಿಸ್ತಾರ.

ತೊಡಕು ಹಿಂಗದಾವ ನೋಡ್ರಿ. ಗಾಯಕಿಯ ಆಲಾಪದ ಕೆಳಗ ಸಿಂಥ್ ಪ್ಯಾಡ್ (ಸಿಂಥಸೈಜರಿನ ಉದ್ದನೆ ಹಿನ್ನೆಲೆ ಸ್ವರ) ಹಾಕಿದ್ರ ಗಾಂಧಾರದ ಮ್ಯಾಲೆ ಹುಳಿ ಹಿಂಡಿದಂಗ ಕೇಳಸ್ತದ. ಆಕಿ ಸುಸ್ವರ ಹಾಡ್ಯಾರ, ಸಿಂಥೂ ಟ್ಯೂನಿನೊಳಗ ಅದ, ಎರಡೂ ಕೂಡಿದ್ರ ಕೂಡವಲ್ಲವು. ಎರಡನೇದು, ಒಂದು ಹಾಡು ತ್ರಿವುಡೆ ತಾಳದೊಳಗ ಅದ, ಅದಕ್ಕ ನಾಲ್ಕರ ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಹೆಂಗ ಕೂಡಸೋದು? ಮೂರನೇದು, ರೆಕಾರ್ಡಿಂಗ್ ಸಾಫ್ಟ್‌ವೇರ್: ನಾನು ಏಬಲ್‌ಟನ್ ಲೈವ್ 12, ಡ್ರಮ್ ಆಂಡ್ ಬೇಸಿನವ್ರು ಎಫ್ಎಲ್ ಸ್ಟುಡಿಯೊ, ಮಡಗಾಂವದವ್ರು ಕ್ಯೂಬೇಸ್, ಭಾಗವತರ ಕಡೆ ರೆಕಾರ್ಡಿಂಗ್ ರೀಪರ್‌ದೊಳಗ. ಒಬ್ಬರ ಪ್ರಾಜೆಕ್ಟ್ ಇನ್ನೊಬ್ಬರಿಗೆ ತೆರೆಯಂಗಿಲ್ಲ.

ಎಲ್ಲಕ್ಕಿಂತ ದೊಡ್ಡ ಚಿಂತಿ ಅಂದ್ರ ಎಂಟು ಹಾಡು ಸಾಲಾಗಿ ಕೇಳಿದ್ರ ಆರು ಮಂದಿಯ ಎಂಟು ಬಿಡಿ ಹಾಡು ಅನಸ್ತಾವ, ಆಲ್ಬಮ್ ಅನಸವಲ್ಲದು. ಎಲ್ಲಾ ಹಾಡು ಒಂದೇ ಬಿಪಿಎಂಗೆ ತಂದ್ರ ಸರಿಹೋಗ್ತದೇನು? ಇನ್ನ, ಬೇಂದ್ರೆಯವರ ಒಂದು ಕವಿತೆ, ಶರೀಫರ ಒಂದು ತತ್ವಪದ ಹಾಕೋ ವಿಚಾರ ಅದ. ಹಕ್ಕಿನ ಬಾಬತ್ತು ತಿಳದವ್ರು ಅದನ್ನೂ ಹೇಳ್ರಿ.

ಮಾಟುಂಗ ಮದ್ದಳೆ, ಮುಂಬಯಿ

ಶ್ರುತಿ ಮೊದಲು, ಬಿಪಿಎಂ ಆಮೇಲೆ. ಶ್ರುತಿ ವಿಷಯದಲ್ಲಿ ನಿಮ್ಮ ಅದೃಷ್ಟ ಒಳ್ಳೇದುಂಟು ಮಾರಾಯ್ರೆ. ಕಪ್ಪು ನಾಲ್ಕು ಅಂದ್ರೆ ಜಿ ಶಾರ್ಪ್, ಕಪ್ಪು ಎರಡು ಅಂದ್ರೆ ಡಿ ಶಾರ್ಪ್. ಗಾಯಕಿಯ ಪಂಚಮವೇ ಭಾಗವತರ ಷಡ್ಜ. ಹಾಗಾಗಿ ಎಂಟೂ ಹಾಡನ್ನು ಈ ಎರಡೇ ಶ್ರುತಿಯಲ್ಲಿ ಕಟ್ಟಿ, ಮೂರನೆಯದಕ್ಕೆ ಹೋಗ್ಲೇಬೇಡಿ. ಯಾರ ಗಂಟಲಿಗೂ ಪಿಚ್ ಶಿಫ್ಟ್ ಹಾಕುವ ಪ್ರಸಂಗ ಬರುವುದಿಲ್ಲ. ಚಂಡೆಯನ್ನು ಭಾಗವತರ ಮೇಲಿನ ಷಡ್ಜಕ್ಕೆ ಬಿಗಿದಿರ್ತಾರಲ್ಲ, ಅದೇ ಚಂಡೆ ಗಾಯಕಿಯ ಹಾಡಿನಲ್ಲಿ ಪಂಚಮವಾಗಿ ನುಡಿಯುತ್ತದೆ, ಬಿಚ್ಚಿ ಬಿಗಿಯುವ ರಗಳೆ ಇಲ್ಲ. ಒಂದೇ ಷರತ್ತು: ಗಾಯಕಿಯ ಹಾಡಿಗೆ ಮಾಲ್ಕಂಸ್, ಮಾರ್ವಾದಂಥ ಪಂಚಮ ಇಲ್ಲದ ರಾಗ ಬೇಡ. ಅಲ್ಲಿ ಪ್ರತಿ ಚಂಡೆ ಪೆಟ್ಟೂ ವರ್ಜ್ಯ ಸ್ವರವನ್ನೇ ಹೊಡೆದ ಹಾಗೆ ಆಗ್ತದೆ.

ತಂಬೂರಿಗೂ ಒಂದೇ ಫೈಲ್ ಸಾಕು, ಜಿ ಶಾರ್ಪ್ ಮತ್ತು ಡಿ ಶಾರ್ಪ್. ಆದರೆ ಭಾಗವತರ ಹಾಡಿನಲ್ಲಿ ಜಿ ಶಾರ್ಪ್ ಮಧ್ಯಮ ಆಗ್ತದೆ. ಅದು ಕೆಳಗಿನ ಸ್ಥಾಯಿಯಲ್ಲಿ ಗಟ್ಟಿಯಾಗಿ ಕೂತರೆ ಕಿವಿ ಅದನ್ನೇ ಷಡ್ಜ ಅಂತ ಹಿಡಿದುಬಿಡ್ತದೆ, ಭಾಗವತರು ಪಂಚಮದಿಂದ ಹಾಡಿದ ಹಾಗೆ ಕೇಳ್ತದೆ, ರಾಗದ ಮುಖವೇ ಬದಲು. ಅವರ ಹಾಡುಗಳಲ್ಲಿ ಕೆಳಗಿನ ಡಿ ಶಾರ್ಪ್ ಮುಂದಿರಲಿ, ಜಿ ಶಾರ್ಪ್ ಅದರ ಮೇಲಿನದ್ದು ಮಾತ್ರ, ಅದೂ ಸುಮಾರು 6 ಡಿಬಿ ಕಮ್ಮಿ. ಬೇಸ್‌ಗೂ ಇದೇ ನಿಯಮ.

ಇನ್ನು ಗಾಂಧಾರದ ಹುಳಿ. ಸಿಂಥ್‌ನಲ್ಲಿ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲೆ (ಸೆಂಟ್ ಅಂದ್ರೆ ಸೆಮಿಟೋನ್‌ನ ನೂರರಲ್ಲೊಂದು ಪಾಲು). ತಂಬೂರಿಗೆ ಸೇರಿಸಿ ಹಾಡುವವರು ಹಿಡಿಯುವುದು 5/4, ಅಂದ್ರೆ 386 ಸೆಂಟ್. ಷಡ್ಜ 207.65 ಹರ್ಟ್ಸ್ ಇದ್ರೆ ಸಿಂಥ್‌ನ ಗಾಂಧಾರ 261.6, ಗಾಯಕಿಯದ್ದು 259.6. ಸೆಕೆಂಡಿಗೆ ಎರಡು ಸಲ ಅಲೆ ಏಳ್ತದೆ, ಅದೇ ನಿಮ್ಮ ಹುಳಿ. ಶುದ್ಧ ಧೈವತದಲ್ಲಿ ವ್ಯತ್ಯಾಸ 16 ಸೆಂಟ್, ಶುದ್ಧ ನಿಷಾದದಲ್ಲಿ 12. ಪಂಚಮದಲ್ಲಿ ಬರೀ 2, ಹಾಗಾಗಿ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಸುಲಭ ದಾರಿ: ಪ್ಯಾಡ್‌ನಲ್ಲಿ ಗಾಂಧಾರ, ಧೈವತ, ನಿಷಾದ ತೆಗೆದುಬಿಡಿ. ಷಡ್ಜ, ಪಂಚಮ, ಬೇಕಿದ್ರೆ ರಿಷಭ ಇಟ್ಟು ಉಳಿದದ್ದನ್ನು ಗಂಟಲಿಗೆ ಬಿಡಿ. ಕಾರ್ಡ್ ಬೇಕೇಬೇಕು ಅಂದ್ರೆ ಸಿಂಥನ್ನೇ ಟ್ಯೂನ್ ಮಾಡಿ. ಸರ್ಜ್ ಎಕ್ಸ್‌ಟಿ ಉಚಿತ, ನಿಮ್ಮ ನಾಲ್ಕು ಸಾಫ್ಟ್‌ವೇರ್‌ನಲ್ಲೂ ಪ್ಲಗಿನ್ ಆಗಿ ಓಡ್ತದೆ, ಸ್ವರಗಳ ಅನುಪಾತ ಬರೆದ ಸ್ಕಾಲಾ ಫೈಲ್ ತಗೊಳ್ತದೆ. ಫೈಲಿಗೆ ಈ ಹನ್ನೆರಡು ಬರೆಯಿರಿ: 16/15, 9/8, 6/5, 5/4, 4/3, 45/32, 3/2, 8/5, 5/3, 9/5, 15/8, 2/1. ಕೋಮಲ-ತೀವ್ರದ ಕ್ರಮ ತಪ್ಪದ ಹಾಗೆ ನೋಡಿ: ಕೋಮಲ ನಿಷಾದ 9/5, ಅದರ ನಂತರ ಶುದ್ಧ 15/8. ಎಲ್ಲರೂ ಎಡವುವುದು ಇದರ ನಂತರ. ಸ್ಕೇಲ್ ಫೈಲ್ ಮಾತ್ರ ಹಾಕಿದ್ರೆ ಸಿಂಥ್ ತನ್ನಷ್ಟಕ್ಕೆ ಸಿ ಸ್ವರವನ್ನು ಷಡ್ಜ ಅಂತ ತಿಳ್ಕೊಳ್ತದೆ, ಆಗ ಮೊದಲಿಗಿಂತ ಕೆಟ್ಟು ಹೋಗ್ತದೆ. ಜೊತೆಗೆ ಕೀಬೋರ್ಡ್ ಮ್ಯಾಪ್ ಫೈಲ್ ಬೇಕು. ಅದರಲ್ಲಿ ಷಡ್ಜಕ್ಕೆ ಮಿಡಿ ಸ್ವರ (ಕೀಲಿಯ ಸಂಖ್ಯೆ) 56, ಆವರ್ತನ 207.65. ಭಾಗವತರ ಹಾಡಿಗೆ ಸ್ವರ 51, ಆವರ್ತನ 155.56. ಲೈವ್ 12ರಲ್ಲಿ ಟ್ಯೂನಿಂಗ್ ವ್ಯವಸ್ಥೆ ಒಳಗೇ ಉಂಟು, ಅಲ್ಲಿಯೂ ಇದೇ ಸ್ಕಾಲಾ ಫೈಲ್ ನಡೀತದೆ.

ಗಾಯಕಿಯ ಟ್ರ್ಯಾಕಿಗೆ ಸ್ವರ ತಿದ್ದುವ ಆಟೊಟ್ಯೂನ್ ತಾಗಿಸ್ಬೇಡಿ. 14 ಸೆಂಟ್ ಕೆಳಗಿನ ಗಾಂಧಾರವನ್ನು ಅದು ತಪ್ಪು ಅಂತ ಎಳೆದು ಮೇಲೆ ಕೂರಿಸ್ತದೆ, ಮೀಂಡನ್ನು (ಸ್ವರದಿಂದ ಸ್ವರಕ್ಕೆ ಜಾರುವುದನ್ನು) ಮೆಟ್ಟಿಲು ಮಾಡ್ತದೆ.

ತ್ರಿವುಡೆಗೆ ಬರುವ. ಏಳು ಅಕ್ಷರ, ಅಕ್ಷರಕ್ಕೊಂದು ಕಿಕ್ ಅಂತ ಇಟ್ಕೊಳ್ಳಿ. ನಾಲ್ಕರ ಬಾರ್ (ನಾಲ್ಕು ಪೆಟ್ಟಿನ ಸುತ್ತು) ಮತ್ತು ಏಳರ ಆವರ್ತ ಒಟ್ಟಿಗೆ ಸೇರುವುದು 28 ಪೆಟ್ಟಿಗೆ, ಅಂದ್ರೆ 7 ಬಾರ್, 4 ಆವರ್ತ. ಟ್ರಾನ್ಸ್‌ನವರು ಎಂಟೆಂಟು ಬಾರ್‌ಗೆ ತಿರುವು ಕೊಡ್ತಾರೆ, ಅಲ್ಲೇ ಜಗಳ. ಎಂಟು ಬಾರ್‌ಗೆ ಕ್ರ್ಯಾಶ್ ಬೀಳುವಾಗ ಭಾಗವತರು ಆವರ್ತದ ನಡುವಿನಲ್ಲಿರ್ತಾರೆ. ಎರಡು ಪರಿಹಾರ ಉಂಟು. ಒಂದೋ ತಿರುವನ್ನೇ 7, 14, 28 ಬಾರ್‌ಗೆ ಇಡಿ. ಇಲ್ಲವೋ ದೊಡ್ಡ ತಿರುವು ಮಾತ್ರ 56 ಬಾರ್‌ಗೆ ಬರಲಿ: 224 ಪೆಟ್ಟು, 32 ಆವರ್ತ, ಎಂಟು ಬಾರ್‌ನ ಏಳು ತುಂಡು, ಎಲ್ಲರ ಲೆಕ್ಕವೂ ಅಲ್ಲಿ ಒಂದಾಗ್ತದೆ. ಚಂಡೆಯ ಮುಕ್ತಾಯವನ್ನು ಅಲ್ಲಿಗೇ ತಂದು ಬಿಡಿ.

ಕ್ಲಿಕ್ ವಿಷಯ ಒಂದು. ಭಾಗವತರ ಕಿವಿಗೆ ಟಿಕ್ ಟಿಕ್ ಸದ್ದು ಹಾಕಿದ್ರೆ ಹಾಡು ಸೆಟೆದು ನಿಲ್ತದೆ. ಅವರದ್ದೇ ಜಾಗಟೆಯ ಒಂದು ಪೆಟ್ಟು ರೆಕಾರ್ಡ್ ಮಾಡಿ, ಅದನ್ನೇ ಆವರ್ತದ ಮೊದಲಕ್ಷರಕ್ಕೂ, ಮೂರನೆಯ ಮತ್ತು ಐದನೆಯ ಅಕ್ಷರ ಮುಗಿದ ಸಂದಿಗಳಿಗೂ ಇಟ್ಟು ಕ್ಲಿಕ್ ಮಾಡಿ. ಕಿವಿ ಮುಚ್ಚುವ ಹೆಡ್‌ಫೋನ್ ಇರಲಿ, ತೆರೆದ ನಮೂನೆಯದ್ದು ಮೈಕಿಗೆ ಸೋರ್ತದೆ. ಪದ ಹೋಗ್ತಾ ಹೋಗ್ತಾ ಕಾಲ ಏರುವುದು ಸಹಜ. ಅದನ್ನು ತಡೀಬೇಡಿ, ಆವರ್ತಕ್ಕೊಂದು ಟೆಂಪೊ ಗುರುತು ಹಾಕಿ ಯಂತ್ರವೇ ಅವರ ಹಿಂದೆ ಹೋಗಲಿ.

ಔಂಧ್ 48ಕೆ, ಪುಣೆ

ಫೈಲ್ ವಿಚಾರ ನಾನು ಹೇಳ್ತೀನಿ. ಪ್ರಾಜೆಕ್ಟ್ ಕಳಿಸೋದನ್ನ ಮರೆತುಬಿಡಿ. ಬಿಟ್‌ವಿಗ್ ಮತ್ತು ಪ್ರಿಸೋನಸ್‌ನವರು 2023ರಲ್ಲಿ ಡಾಪ್ರಾಜೆಕ್ಟ್ ಅನ್ನೋ ಮುಕ್ತ ಫಾರ್ಮ್ಯಾಟ್ ತಂದಿದ್ದಾರೆ. ಆದರೆ ನಿಮ್ಮ ನಾಲ್ಕು ಸಾಫ್ಟ್‌ವೇರ್ ಬೆರಕೆಗೆ ಅದನ್ನು ನಂಬಿ ಕೂರೋ ಹಾಗಿಲ್ಲ. ಸ್ಟೆಮ್, ಅಂದ್ರೆ ಒಂದೊಂದು ವಾದ್ಯದ ಬಿಡಿ ಆಡಿಯೊ ಫೈಲ್, ಒಂದೇ ಗತಿ.

ಎಲ್ಲರೂ 48 ಕಿಲೋಹರ್ಟ್ಸ್, 24 ಬಿಟ್, ವೇವ್. ಇದನ್ನು ಮೊದಲ ದಿನವೇ ಗುಂಪಿಗೆ ಹಾಕಿ. ಒಬ್ಬರು 44.1ರಲ್ಲಿ ಕೊಟ್ಟು, ಇನ್ನೊಬ್ಬರ ಕಡೆ ಅದು ಪರಿವರ್ತನೆ ಆಗದೆ 48ರಲ್ಲಿ ಓಡಿದರೆ ವೇಗ ಶೇ. 8.8 ಏರುತ್ತೆ, ಶ್ರುತಿ ಒಂದೂವರೆ ಸೆಮಿಟೋನ್‌ನಷ್ಟು ಮೇಲೆ ಹೋಗುತ್ತೆ. ಪೂರ್ತಿ ಒಂದು ಸ್ವರಕ್ಕೆ ಕೂರದೆ ಎರಡರ ನಡುವೆ ನೇತಾಡೋದರಿಂದ ಗಾಯಕಿಯೇ ಬೇಸೂರು ಅಂದ್ಕೋತಾರೆ. ಶ್ರುತಿ ಮತ್ತು ಉದ್ದ ಎರಡೂ ಒಟ್ಟಿಗೆ ಕೆಟ್ಟಿದ್ದರೆ ಮೊದಲು ನೋಡಬೇಕಾದ್ದು ಸ್ಯಾಂಪಲ್ ರೇಟ್, ಹಾಡಿದವರ ಗಂಟಲಲ್ಲ.

ಎಂಪಿ3 ಬೇಡ. ಗುಣಮಟ್ಟದ ಮಾತು ಆಮೇಲೆ. ಎನ್‌ಕೋಡರ್ ಶುರುವಿನಲ್ಲಿ ಖಾಲಿ ಸೇರಿಸುತ್ತೆ, ಡಿಕೋಡ್ ಆದ ಮೇಲೆ ಸಾಮಾನ್ಯವಾಗಿ 25 ಮಿಲಿಸೆಕೆಂಡ್ ಆಸುಪಾಸು ತಡ. 172 ಬಿಪಿಎಂನಲ್ಲಿ ಹದಿನಾರನೇ ಸ್ವರದ ಉದ್ದವೇ 87 ಮಿಲಿಸೆಕೆಂಡ್. ಕಾಲು ಭಾಗಕ್ಕಿಂತ ಹೆಚ್ಚು ಹಿಂದೆ ಬಿದ್ದ ಮದ್ದಳೆ ಎಷ್ಟು ಚೆನ್ನಾಗಿ ಬಾರಿಸಿದ್ದರೂ ಕುಂಟುತ್ತೆ. ವಾಟ್ಸಾಪ್‌ನಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಮಾತ್ರ, ಆಡಿಯೊ ಆಗಿ ಅಲ್ಲ. ಗಾತ್ರದ ಲೆಕ್ಕ: ಸ್ಟೀರಿಯೊ ಸ್ಟೆಮ್ ನಿಮಿಷಕ್ಕೆ 17 ಎಂಬಿ, ಮೊನೊ ಅದರ ಅರ್ಧ. ಐದು ನಿಮಿಷದ ಹಾಡು, ಮೂವತ್ತು ಸ್ಟೀರಿಯೊ ಸ್ಟೆಮ್ ಅಂದ್ರೆ ಎರಡೂವರೆ ಜಿಬಿ ದಾಟಿತು. ಎಂಟು ಹಾಡಿಗೆ 20 ಜಿಬಿ. ಕಿಕ್, ಬೇಸ್, ಗಾಯನ, ಮದ್ದಳೆಯ ಒಂದೊಂದು ಮೈಕ್, ಇವನ್ನೆಲ್ಲ ಮೊನೊ ಕೊಟ್ಟರೆ ಅರ್ಧಕ್ಕಿಳಿಯುತ್ತೆ. ಪುಕ್ಕಟೆ ಡ್ರೈವ್ ಜಾಗದಲ್ಲಿ ಹಿಡಿಸೋಕೆ ಅಷ್ಟು ಜಿಪುಣತನ ಬೇಕೇ ಬೇಕು.

ಎಲ್ಲ ಸ್ಟೆಮ್ ಒಂದನೇ ಬಾರ್‌ನ ಒಂದನೇ ಪೆಟ್ಟಿನಿಂದಲೇ ಶುರುವಾಗಬೇಕು, ಆ ವಾದ್ಯ ಬರೋದು ಮೂರನೇ ನಿಮಿಷಕ್ಕಾದ್ರೂ ಸರಿ. ಕೊನೇಲಿ ರಿವರ್ಬ್ ಬಾಲಕ್ಕೆ ಎರಡು ಬಾರ್ ಹೆಚ್ಚು ಬಿಡಿ. ಮಾಸ್ಟರ್‌ನ ಲಿಮಿಟರ್, ಕಂಪ್ರೆಸರ್ ಆಫ್. ಯಾವ ಸ್ಟೆಮ್‌ನ ಪೀಕ್ ಕೂಡ −6 ಡಿಬಿ ದಾಟದಿರಲಿ. ಇಫೆಕ್ಟ್‌ನಿಂದಲೇ ಸ್ವಭಾವ ಬಂದಿದ್ದರೆ, ಉದಾಹರಣೆಗೆ ಟ್ರಾನ್ಸ್ ಲೀಡ್‌ನ ಡಿಲೇ, ಡ್ರೈ (ಇಫೆಕ್ಟ್ ಇಲ್ಲದ್ದು) ಒಂದು ವೆಟ್ (ಇಫೆಕ್ಟ್ ಇರೋದು) ಒಂದು ಎರಡೂ ಕೊಡಿ. ಕಿಕ್ ಬಿದ್ದಾಗ ಉಳಿದ ಸದ್ದು ತಗ್ಗಿಸೋ ಸೈಡ್‌ಚೈನ್ ಕಂಪ್ರೆಷನ್ ಮಾತ್ರ ಬೇಯಿಸಿ ಕೊಡಬೇಡಿ, ಮಿಕ್ಸ್‌ನಲ್ಲಿ ಕಿಕ್ ಬದಲಾದರೆ ಆ ಉಸಿರು ಮಾತ್ರ ಉಳಿದು ಪೆಟ್ಟೇ ಇರಲ್ಲ.

ಜೊತೆಗೆ ಮಿಡಿ ಫೈಲ್, ಟೆಂಪೊ ಮ್ಯಾಪ್ ಇರೋ ಮಿಡಿ ಫೈಲ್, ಒಂದು ಒರಟು ಮಿಕ್ಸ್. ಒರಟು ಮಿಕ್ಸ್ ಇಲ್ಲದಿದ್ರೆ ಏನು ಬೇಕಿತ್ತು ಅಂತ ಮಿಕ್ಸ್ ಮಾಡೋರಿಗೆ ತಿಳಿಯಲ್ಲ. ಹೆಸರಿನ ಕ್ರಮ: ಹಾಡಿನ ಸಂಖ್ಯೆ, ಬಿಪಿಎಂ, ಶ್ರುತಿ, ವಾದ್ಯ, ಡ್ರೈ ಅಥವಾ ವೆಟ್, ಆವೃತ್ತಿ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದಲ್ಲಿಟ್ಟರೆ ಕೆಲವು ಕಂಪ್ಯೂಟರ್‌ನಲ್ಲಿ ಜಿಪ್ ಬಿಚ್ಚಿದಾಗ ಬರೀ ಚೌಕ, ಪ್ರಶ್ನೆ ಚಿಹ್ನೆ ಬರುತ್ತೆ.

ನೀವು ಲೈವ್‌ನಲ್ಲಿ ಒಟ್ಟುಗೂಡಿಸೋರಾದ್ರೆ ಸೆಟ್ಟಿಂಗ್‌ನಲ್ಲಿ ಉದ್ದ ಸ್ಯಾಂಪಲ್‌ಗಳ ಆಟೊ ವಾರ್ಪ್ ಆಫ್ ಮಾಡಿ ಆಮೇಲೆ ಸ್ಟೆಮ್ ಎಳೆದು ಹಾಕಿ. ಇಲ್ಲದಿದ್ರೆ ಲೈವ್ ತಾನೇ ಟೆಂಪೊ ಊಹಿಸಿ ಪ್ರತಿ ಸ್ಟೆಮ್ಮನ್ನೂ ಬೇರೆ ಬೇರೆ ಹಿಗ್ಗಿಸುತ್ತೆ. ಆಲಾಪದ ಸ್ಟೆಮ್‌ಗೆ ಅದರ ಊಹೆ ನೋಡಿದರೆ ನಗು ಬರುತ್ತೆ.

ಮಿಕ್ಸ್ ಒಬ್ಬರೇ ಮಾಡಬೇಕು. ಆರು ಜನ ಆರು ಕೋಣೆಯಲ್ಲಿ ಮಿಕ್ಸ್ ಮಾಡಿದ ಹಾಡುಗಳನ್ನು ಯಾವ ಮಾಸ್ಟರಿಂಗೂ ಆಲ್ಬಮ್ ಮಾಡಲ್ಲ.

ವಾಸ್ಕೊ 303, ಗೋವಾ

ಮಾಟುಂಗದವರ ಟೆಂಪೊ ಮ್ಯಾಪ್‌ಗೆ ನನ್ನ ಅರ್ಧ ಒಪ್ಪಿಗೆ. ಕಿಕ್ ಇಲ್ಲದ ಕಡೆ ಸರಿ. ಟ್ರಾನ್ಸ್ ಕಿಕ್ ಕೆಳಗೆ ಓಡುವಾಗ ಟೆಂಪೊ ಆವರ್ತಕ್ಕೊಮ್ಮೆ ಅಲುಗಾಡಿದರೆ ಡಿಲೇ, ಆರ್ಪ್ ಎಲ್ಲ ತಾಳ ತಪ್ಪಿ ಓಲಾಡ್ತವೆ, ಡಿಜೆಗಳು ಆ ಹಾಡನ್ನು ಇನ್ನೊಂದರ ಜೊತೆ ಸೇರಿಸೋಕೂ ಆಗಲ್ಲ. ಪದದ ಮೊದಲ ಭಾಗ, ಬಿಡ್ತಿಗೆ (ಚಂಡೆ-ಮದ್ದಳೆ ಬಾರಿಸುವ ಭಾಗ), ಬ್ರೇಕ್‌ಡೌನ್ ಇವನ್ನು ಭಾಗವತರ ಕಾಲಕ್ಕೆ ಬಿಡಿ. ಕಿಕ್ ಬಂದ ಮೇಲೆ ಒಂದೇ ಸಂಖ್ಯೆ, ಕದಲಬಾರದು. ಹಾಗೆ ನಿಂತಾಗಲೂ ಮದ್ದಳೆಯ ಒಂದೊಂದು ಪೆಟ್ಟನ್ನು ಹಿಡಿದು ಗ್ರಿಡ್‌ಗೆ ಕೂರಿಸಬೇಡಿ. ತಪ್ಪಿದೆ ಅನ್ನಿಸಿದರೆ ಇಡೀ ಆವರ್ತವನ್ನು ಸರಿಸಿ. ಬದಲಿಗೆ ಮದ್ದಳೆಯ ನಡೆಯನ್ನು ಲೈವ್‌ನ ಗ್ರೂವ್ ಆಗಿ ಹಿಂಡಿ ತೆಗೆದು ಹೈಹ್ಯಾಟ್‌ಗೆ ಶೇ. 60ರಷ್ಟು ಹಾಕಿ ನೋಡಿ. ಯಂತ್ರ ಮನುಷ್ಯನ ಹಿಂದೆ ಹೋದ ಹಾಗೆ ಕೇಳುತ್ತೆ, ಆದರೂ ಟೆಂಪೊ ಗಟ್ಟಿ ಇರುತ್ತೆ.

ಒಂದೇ ಬಿಪಿಎಂ ಬೇಡವೇ ಬೇಡ, ಎಂಟು ಹಾಡು ಕೇಳೋ ಹೊತ್ತಿಗೆ ಸಾಕಪ್ಪಾ ಅನಿಸುತ್ತೆ. ಅನುಪಾತ ಇಟ್ಕೊಳ್ಳಿ. 86, 129, 172 ಒಂದು ಕುಟುಂಬ: ಎರಡು, ಮೂರು, ನಾಲ್ಕರ ಲೆಕ್ಕ. ಡೌನ್‌ಟೆಂಪೊ, ಹೌಸ್, ಡ್ರಮ್ ಆಂಡ್ ಬೇಸ್ ಮೂರೂ ಅದರಲ್ಲಿ ಬಂದ್ವು, 172ರವರನ್ನು ಯಾರೂ ಇಳಿಸಬೇಕಾಗಿಲ್ಲ. 129ರ ಹಾಡಿನ ಕೊನೆಯಲ್ಲಿ ಡಿಲೇಯನ್ನು ಚುಕ್ಕೆ ಎಂಟನೇ ಸ್ವರಕ್ಕೆ ಇಡಿ, 349 ಮಿಲಿಸೆಕೆಂಡ್. ಅದು 172ರ ಒಂದು ಪೆಟ್ಟಿನ ಉದ್ದವೂ ಹೌದು. ಡ್ರಮ್ ನಿಲ್ಲಿಸಿ ಡಿಲೇ ಮಾತ್ರ ಬಿಟ್ಟರೆ ಅದೇ ಮುಂದಿನ ಹಾಡಿನ ನಡೆ ಆಗುತ್ತೆ, ಜೋಡಣೆಗೆ ಬೇರೇನೂ ಬೇಡ. ಟ್ರಾನ್ಸ್ ಹಾಡನ್ನು 144ಕ್ಕೆ ಇಟ್ಟು, ಖಯಾಲ್ ಹಾಡಲ್ಲೊಂದನ್ನು 96ಕ್ಕೆ ಕಟ್ಟಿದರೆ ಇನ್ನೊಂದು ಜೋಡಿ.

ಕಿಕ್ ಶ್ರುತಿ: ಜಿ ಶಾರ್ಪ್, 51.9 ಹರ್ಟ್ಸ್. ಗಾಯಕಿಯ ಹಾಡಿಗೆ ಇದು ಷಡ್ಜ, ಹೇಳಿ ಮಾಡಿಸಿದ ಜಾಗ. ಭಾಗವತರ ಹಾಡಿಗೆ ಕಿಕ್ ಇದೇ ಇರಲಿ, ಆದರೆ ಬಾಲ ಚಿಕ್ಕದು ಮಾಡಿ, ಸ್ವರ ಅಂತ ಕಿವಿಗೆ ಹತ್ತಬಾರದು. ಬೇಸ್ ಮಾತ್ರ ಡಿ ಶಾರ್ಪ್. ಕೆಳಗಿನ ಡಿ ಶಾರ್ಪ್ 38.9 ಹರ್ಟ್ಸ್, ಸಣ್ಣ ಸ್ಪೀಕರ್‌ನಲ್ಲಿ ಏನೂ ಕೇಳಲ್ಲ, ಅದರ ಮೇಲೆ ಸ್ಯಾಚುರೇಷನ್ ಹಾಕಿ 77.8ರದ್ದನ್ನು ಎಬ್ಬಿಸಿ. 144ರಲ್ಲಿ ಹದಿನಾರನೇ ಸ್ವರ 104 ಮಿಲಿಸೆಕೆಂಡ್. ಕಿಕ್ ಅಷ್ಟರೊಳಗೆ ಮುಗಿದು ಅದರ ನಂತರದ ಮೂರು ಬೇಸ್ ಸ್ವರಗಳಿಗೆ ಜಾಗ ಬಿಡಬೇಕು, ಬೇಸ್ ಸ್ವರ ಒಂದೊಂದೂ 80-90. ಇದು ಮೀರಿದರೆ ಕೆಳಗೆಲ್ಲ ಕೆಸರು. 120 ಹರ್ಟ್ಸ್ ಕೆಳಗೆ ಎಲ್ಲ ಮೊನೊ.

ಘುಮಟ ರೆಕಾರ್ಡ್ ಮಾಡೋದು ಹೇಗೆ ಅಂತ ಯಾರೂ ಹೇಳಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಮಣ್ಣಿನ ಮಡಕೆ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ, ಅಲ್ಲಿ ಬಲಗೈ. ಸಣ್ಣ ಬಾಯಿ ತೆರೆದದ್ದು, ಎಡಗೈಯಿಂದ ಮುಚ್ಚಿ ತೆರೆದು ಮಾಡಿದರೆ ಒಳಗಿನ ಗಾಳಿಯ ಗುಮ್ಮೆನ್ನುವ ಸ್ವರ ಏರುತ್ತೆ ಇಳಿಯುತ್ತೆ. ಚರ್ಮದ ಕಡೆ ಮಾತ್ರ ಮೈಕ್ ಇಟ್ಟರೆ ಬರೀ ಟಪಟಪ. ಘುಮಟದ ಪ್ರಾಣ ಇರೋದು ಆ ಸಣ್ಣ ಬಾಯಲ್ಲಿ. ಎರಡು ಮೈಕ್ ಬೇಕು: ಚರ್ಮದಿಂದ ಒಂದಡಿ ದೂರ ಒಂದು, ಸಣ್ಣ ಬಾಯಿಯ ಹತ್ತಿರ ಓರೆಯಾಗಿ ಇನ್ನೊಂದು. ನೇರ ಎದುರಿಗಿಟ್ಟರೆ ಗಾಳಿ ಬಡಿದು ಫಟ್ ಅನ್ನುತ್ತೆ. ಹಿಂದಿನ ಮೈಕಿನ ಪೊಲಾರಿಟಿ ತಿರುಗಿಸಿ ಎರಡೂ ಸೇರಿಸಿ ಕೇಳಿ, ಯಾವ ದಿಕ್ಕಿನಲ್ಲಿ ಕೆಳದನಿ ತುಂಬಿ ಬರುತ್ತೋ ಅದೇ ಸರಿ. ಕಿಕ್ ಇರುವ ಭಾಗದಲ್ಲಿ ಘುಮಟಕ್ಕೆ 70 ಹರ್ಟ್ಸ್ ಕೆಳಗೆ ಕತ್ತರಿ ಹಾಕಿ, ಬ್ರೇಕ್‌ಡೌನ್‌ನಲ್ಲಿ ಬಿಟ್ಟುಕೊಡಿ. ಹೊಸದು ಕೊಳ್ಳೋದಾದ್ರೆ ಆಡಿನ ಚರ್ಮದ್ದೇ ಕೇಳಿ. ಹಿಂದೆ ಉಡದ ಚರ್ಮ ಹಾಕ್ತಿದ್ರು, ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಕೊನೆಗೆ ನಿಮ್ಮ ದೊಡ್ಡ ಚಿಂತೆ. 1982ರಲ್ಲಿ ಮುಂಬಯಿಯ ಸಂಗೀತಗಾರ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ರೋಲ್ಯಾಂಡ್‌ನ ಜೂಪಿಟರ್ 8, ಟಿಬಿ 303, ಟಿಆರ್ 808, ಈ ಮೂರು ಯಂತ್ರದಲ್ಲಿ ನುಡಿಸಿದರು. ರಾಗ ಹತ್ತು, ಸದ್ದಿನ ಪೆಟ್ಟಿಗೆ ಒಂದೇ. ಅದಕ್ಕೇ ಅದು ಒಂದೇ ತಟ್ಟೆಯಾಗಿ ಕೇಳುತ್ತೆ. ನೀವೂ ಹಾಗೇ ಬೇಲಿ ಹಾಕಿಕೊಳ್ಳಿ. ಎಂಟೂ ಹಾಡಿಗೆ ಹಂಚಿಕೊಂಡ ಹನ್ನೆರಡು ಡ್ರಮ್ ಸದ್ದು, ಅದರಲ್ಲಿ ನಾಲ್ಕು ನಿಮ್ಮದೇ ಚಂಡೆ, ಮದ್ದಳೆ, ಘುಮಟ, ಜಾಗಟೆಯಿಂದ ಕತ್ತರಿಸಿದ್ದು. ಒಂದು ಬೇಸ್ ಸಿಂಥ್, ಒಂದು ತಂಬೂರಿ, ಒಂದೇ ರಿವರ್ಬ್. ರಿವರ್ಬ್ ಒಂದೇ ಆದರೆ ಡ್ರಮ್ ಆಂಡ್ ಬೇಸಿನವರೂ ಭಾಗವತರೂ ಒಂದೇ ಮನೆಯಲ್ಲಿ ಕೂತ ಹಾಗೆ ಅನಿಸುತ್ತೆ. ಶೈಲಿ ಯಾರೂ ಬಿಟ್ಟುಕೊಡಬೇಕಾಗಿಲ್ಲ, ಸದ್ದು ಮಾತ್ರ ಹಂಚಿಕೊಳ್ಳಬೇಕು.

ಕೊತ್ರೂಡ್ ಬೇಸ್, ಪುಣೆ

ಭಾರಿ ಉಪಕಾರ ಆತ್ರಿ. ಪ್ಯಾಡಿನೊಳಗಿನ ಗಾಂಧಾರ ತಗದು ನೋಡಿದೆ, ಹುಳಿ ಹೋತು. ಎರಡು ಸಣ್ಣ ಪ್ರಶ್ನೆ ಉಳದಾವ. ಚಂಡೆ ರೆಕಾರ್ಡಿಂಗ್ ಒಂದು ಫ್ಲ್ಯಾಟಿನೊಳಗ ಮಾಡಬೇಕಾಗೇದ, ಅದೂ ಮಳೆಗಾಲದಾಗ. ಎರಡನೇದು, ಟ್ರಾನ್ಸ್‌ನವ್ರು ತಮ್ಮ ಹಾಡು −8 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ) ಬೇಕಂತಾರ, ಆಲಾಪದ ಹಾಡು −18ರ ಹತ್ರ ಅದ. ಎಲ್ಲಾ −14ಕ್ಕ ತರೋದೇನು?

ಔಂಧ್ 48ಕೆ, ಪುಣೆ

ಬೇಡ. ಸ್ಪಾಟಿಫೈ −14ಕ್ಕೆ ಸಮ ಮಾಡೋದು ನಿಜ, ಆಪಲ್ ಮ್ಯೂಸಿಕ್ −16ಕ್ಕೆ. ಆದರೆ ಆಲ್ಬಮ್ಮನ್ನು ಕ್ರಮವಾಗಿ ಕೇಳುವಾಗ ಸ್ಪಾಟಿಫೈ ಇಡೀ ಆಲ್ಬಮ್‌ಗೆ ಒಂದೇ ಅಳತೆ ಹಾಕುತ್ತೆ, ಹಾಡು ಹಾಡಿನ ನಡುವಿನ ಏರಿಳಿತ ಹಾಗೇ ಉಳಿಯುತ್ತೆ. ಎಲ್ಲವನ್ನೂ −14ಕ್ಕೆ ತಂದರೆ ಆಲಾಪ ಟ್ರಾನ್ಸ್‌ನಷ್ಟೇ ಜೋರಾಗಿ ಕಿರುಚುತ್ತೆ. ಟ್ರಾನ್ಸ್ −10, ಆಲಾಪ −15, ಉಳಿದವು ನಡುವೆ, ಟ್ರೂ ಪೀಕ್ −1 ಡಿಬಿ. −8 ಅವರಿಗೆ ಬೇಕೇಬೇಕು ಅಂದ್ರೆ ಕ್ಲಬ್‌ಗೆ ಬೇರೆ ಮಾಸ್ಟರ್ ಮಾಡಿಕೊಳ್ಳಲಿ. ಎಂಟೂ ಹಾಡನ್ನು ಒಂದೇ ಸೆಷನ್‌ನಲ್ಲಿ ಸಾಲಾಗಿಟ್ಟು ಮಾಸ್ಟರ್ ಮಾಡಿ, ಡಿದರ್ (ಸಣ್ಣ ಗದ್ದಲ ಸೇರಿಸೋದು) 16 ಬಿಟ್‌ಗೆ ಇಳಿಸುವಾಗ ಕೊನೆಗೊಮ್ಮೆ ಮಾತ್ರ.

ಹಕ್ಕುಬಾಧ್ಯತೆ, ಮುಂಬಯಿ

ಸಾಹಿತ್ಯದ ಹಕ್ಕು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಅನುಮತಿ ಬೇಕು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಪದ ಮುಕ್ತ. ಆದರೆ ಇಲ್ಲೊಂದು ಗುಂಡಿ ಇದೆ: ನಮಗೆಲ್ಲ ಬಾಯಿಪಾಠ ಆಗಿರುವ ಶರೀಫರ ಹಾಡುಗಳ ಧಾಟಿ ಹಲವು ಸಿ. ಅಶ್ವಥ್ ಅವರ ಸಂಯೋಜನೆ. ಅವರು ತೀರಿಕೊಂಡದ್ದು 2009ರಲ್ಲಿ. ಪದ ತಗೊಳ್ಳಿ, ಧಾಟಿ ನೀವೇ ಹಾಕಿ. ಯಕ್ಷಗಾನ ಪ್ರಸಂಗದ ಪದ್ಯಕ್ಕೂ ಇದೇ ಪರೀಕ್ಷೆ. ಹಳೆಗಾಲದ ಕವಿ ಪಾರ್ತಿಸುಬ್ಬನದ್ದು ತೊಂದರೆಯಿಲ್ಲ, ಈಚಿನ ಪ್ರಸಂಗಕರ್ತರದ್ದಾದರೆ ಕೇಳಬೇಕು. ಹಳೆ ಕ್ಯಾಸೆಟ್‌ನಿಂದ ಯಾರದ್ದೋ ದನಿ ಕತ್ತರಿಸಿ ಹಾಕೋದಂತೂ ಬೇಡ, ರೆಕಾರ್ಡಿಂಗ್‌ನ ಹಕ್ಕು ಬೇರೆ, ಹಾಡಿದವರ ಹಕ್ಕು ಬೇರೆ.

ನಿಮ್ಮೊಳಗಿನ ಪಾಲು ಎರಡು ಹಾಳೆಯಲ್ಲಿ ಬರೆಯಿರಿ: ಒಂದು ಸಂಯೋಜನೆ ಮತ್ತು ಸಾಹಿತ್ಯದ್ದು, ಇನ್ನೊಂದು ರೆಕಾರ್ಡಿಂಗ್‌ನದ್ದು. ಪ್ರತಿ ಹಾಡಿಗೂ ಪ್ರತ್ಯೇಕ, ಒಟ್ಟು ಶೇ. 100 ಆಗಬೇಕು, ಆರೂ ಜನ ಸಹಿ, ರೆಕಾರ್ಡಿಂಗ್ ಶುರುವಾಗೋ ಮೊದಲು. ಚಂಡೆ-ಮದ್ದಳೆಯವರನ್ನು ಬರೀ ವಾದಕರು ಅಂತ ಒಂದು ಮೊತ್ತ ಕೊಟ್ಟು ಬಿಡುವ ರೂಢಿ ಇದೆ. ಅವರ ಬಿಡ್ತಿಗೆಯ ಮೇಲೆಯೇ ಹಾಡು ನಿಂತಿದ್ದರೆ ರೆಕಾರ್ಡಿಂಗ್ ಪಾಲಾದರೂ ಕೊಡುವುದು ನ್ಯಾಯ. ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ಬಿಟ್ಟುಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತಲೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತಲೂ ಅರ್ಥ. ವಿದೇಶದ ಸ್ಟ್ರೀಮಿಂಗ್ ಇರುವಾಗ ಎರಡನ್ನೂ ಬಾಯಿಬಿಟ್ಟು ಬರೆಯಿರಿ.

ಸಂಯೋಜಕರು, ಪದ ಬರೆದವರು ರಾಯಲ್ಟಿ ವಸೂಲಿ ಮಾಡುವ ಸಂಘವಾದ ಐಪಿಆರ್‌ಎಸ್‌ಗೆ ಸದಸ್ಯರಾಗಲಿ, ಆಮೇಲೆ ಹಾಡು ನೋಂದಾಯಿಸಿ. ಪಾಲಿನ ಹಾಳೆ ಅಲ್ಲಿ ಕೆಲಸಕ್ಕೆ ಬರುತ್ತೆ. ಪ್ರತಿ ಹಾಡಿಗೂ ಒಂದು ಐಎಸ್‌ಆರ್‌ಸಿ, ಅಂದ್ರೆ ರೆಕಾರ್ಡಿಂಗ್ ಗುರುತಿಸುವ ಹನ್ನೆರಡು ಅಕ್ಷರದ ಸಂಕೇತ. ಕ್ಲಬ್ ಮಿಕ್ಸ್ ಬೇರೆ ಮಾಡಿದರೆ ಅದಕ್ಕೆ ಬೇರೆಯದೇ. ಆಲ್ಬಮ್‌ನ ಕಲಾವಿದರ ಜಾಗದಲ್ಲಿ ಆರೂ ಹೆಸರು ತುಂಬಿದರೆ ಕೆಲವು ಕಡೆ ವೇರಿಯಸ್ ಆರ್ಟಿಸ್ಟ್ಸ್ ಅಂತ ಆಗಿಬಿಡಬಹುದು. ತಂಡಕ್ಕೊಂದು ಹೆಸರಿಟ್ಟು ಆಲ್ಬಮ್‌ಗೆ ಅದನ್ನು ಹಾಕಿ, ಬಿಡಿ ಹೆಸರು ಹಾಡಿನ ಮಟ್ಟದಲ್ಲಿ. ಸ್ಯಾಂಪಲ್ ಪ್ಯಾಕ್‌ನ ಲೂಪ್ ಹಾಗೇ ಇರುವ ಹಾಡನ್ನು ಯೂಟ್ಯೂಬ್‌ನ ನಕಲು ಹಿಡಿಯುವ ಕಂಟೆಂಟ್ ಐಡಿಗೆ ಕೊಡಬೇಡಿ, ಅದೇ ಲೂಪ್ ಬಳಸಿದ ಊರಿಗೆಲ್ಲ ನಿಮ್ಮ ಹೆಸರಲ್ಲಿ ನೋಟಿಸ್ ಹೋಗುತ್ತೆ.

ಮಾಟುಂಗ ಮದ್ದಳೆ, ಮುಂಬಯಿ

ವಾಸ್ಕೊದವರ ಮಾತು ಒಪ್ಪಿದೆ, ಕಿಕ್ ಓಡುವಾಗ ಕಾಲ ಗಟ್ಟಿ ಇರಲಿ.

ಚಂಡೆ ಫ್ಲ್ಯಾಟಿನಲ್ಲಿ ಅಂದ್ರೆ: ಮೂಲೆ ಬಿಟ್ಟು ಕೋಣೆಯ ನಡುವಿನಿಂದ ಸ್ವಲ್ಪ ಆಚೆ ನಿಲ್ಲಿಸಿ, ಹಿಂದಿನ ಗೋಡೆಗೆ ಎರಡು ಹಾಸಿಗೆ ಒರಗಿಸಿ, ನೆಲಕ್ಕೆ ದಪ್ಪ ಜಮಖಾನ. ಮೈಕ್ ಕೋಲು ಬೀಳುವ ಜಾಗದಿಂದ ಒಂದೂವರೆ ಅಡಿ ಮೇಲೆ, ಚರ್ಮದ ನಡುವಿಗೆ ಅಲ್ಲ, ಅಂಚಿಗೆ ಓರೆ. ಎಸ್ಎಂ57 ಮೈಕ್ ಸಾಕು. ಕಂಡೆನ್ಸರ್ ಆದ್ರೆ ಸದ್ದು ತಗ್ಗಿಸುವ ಪ್ಯಾಡ್ ಸ್ವಿಚ್ ಹಾಕಿ. ಮೀಟರ್‌ನಲ್ಲಿ ಪೀಕ್ −12ರ ಹತ್ತಿರ ಇಡಿ, ಚಂಡೆಯ ಒಂದು ಜೋರು ಪೆಟ್ಟು ಸರಾಗ 8-10 ಡಿಬಿ ಹಾರ್ತದೆ. ಇಂಟರ್ಫೇಸ್ ಒಳಗೇ ಒಡೆದ ಪೆಟ್ಟನ್ನು ಆಮೇಲೆ ಯಾರೂ ಸರಿಮಾಡ್ಲಿಕ್ಕೆ ಆಗುವುದಿಲ್ಲ. ರಾತ್ರಿ ಹತ್ತರ ನಂತರದ ಮಾತೇ ಬೇಡ, ಸೊಸೈಟಿ ಸೆಕ್ರೆಟರಿ ಬಾಗಿಲಿಗೆ ಬರ್ತಾರೆ.

ಮಳೆಗಾಲದಲ್ಲಿ ಚರ್ಮ ತೇವ ಎಳ್ಕೊಂಡು ಸಡಿಲ ಆಗ್ತದೆ, ಶ್ರುತಿ ಇಳೀತದೆ. ಚಂಡೆಯನ್ನು ಗೌಸಿನಿಂದ ತೆಗೆದು ಎಸಿ ಹಾಕಿದ ಕೋಣೆಯಲ್ಲಿ ಅರ್ಧ-ಮುಕ್ಕಾಲು ಗಂಟೆ ಇಟ್ಟು ಆಮೇಲೆ ಬಿಗಿಯಿರಿ. ರೆಕಾರ್ಡ್ ಮಾಡುವಾಗ ಎಸಿ ಆಫ್ ಮಾಡ್ಬೇಕಲ್ಲ, ಆಗ ಮತ್ತೆ ತೇವ ಏರ್ತದೆ. ಹಾಗಾಗಿ ಪ್ರತಿ ಟೇಕಿನ ಮೊದಲು ಹತ್ತು ಸೆಕೆಂಡ್ ಬಿಡಿ ಪೆಟ್ಟು ರೆಕಾರ್ಡ್ ಮಾಡಿ ಟ್ಯೂನರ್‌ಗೆ ಹಿಡೀರಿ. ಡಿ ಶಾರ್ಪ್‌ಗಿಂತ 15-20 ಸೆಂಟ್ ಇಳಿದಿದ್ರೆ ಬಾರಿಸ್ಬೇಡಿ, ಬಿಗಿದು ಮುಂದುವರಿಸಿ. ಆ ಬಿಡಿ ಪೆಟ್ಟುಗಳನ್ನು ಅಳಿಸ್ಬೇಡಿ, ನಿಮ್ಮ ಹನ್ನೆರಡು ಸದ್ದಿನ ಪಟ್ಟಿಗೆ ಬೇಕಾದ ಚಂಡೆ ಅಲ್ಲಿಂದಲೇ ಸಿಗ್ತದೆ.